ಹರಿದದ್ದಲ್ಲ, ಗರಿ

ಸೆಪ್ಟೆಂಬರ್ 12, ಊಟದ ಬಿಡುವು

ಪ್ರೀತಿಯ ಗುಬ್ಬಿ,

ಅಪ್ಪನ ಆಶೀರ್ವಾದ. ನಾನು ಕ್ಷೇಮ, ಅಮ್ಮ ಕ್ಷೇಮ, ನೀನು ಬಿಟ್ಟುಹೋದ ಹಳೇ ಚಪ್ಪಲಿಯೂ ಕ್ಷೇಮ. ತಡವಾಯಿತು, ಕ್ಷಮಿಸು. ಈ ಕಾಗದವನ್ನು ನಾಲ್ಕು ಸಲ ಶುರುಮಾಡಿ ನಾಲ್ಕು ಸಲವೂ ಹರಿದುಹಾಕಿದೆ. ನೀನು ನನ್ನ ಜೊತೆ ಮಾತು ಬಿಟ್ಟು ಏಳು ವಾರವಾಯಿತು. ಭಾನುವಾರ ನಿನ್ನ ಫೋನ್ ಬಂದರೆ ಅಮ್ಮ ಅದನ್ನೆತ್ತಿಕೊಂಡು ಹಿತ್ತಿಲಿಗೆ ಹೋಗುತ್ತಾಳೆ. ಬಂದು, "ಚೆನ್ನಾಗಿದ್ದಾಳಂತೆ" ಅನ್ನುತ್ತಾಳೆ. ನನ್ನ ಪಾಲಿಗೆ ಸಾರಾಂಶ ಮಾತ್ರ.

"ನನಗೂ ಒಂಚೂರು ಕೊಡೇ" ಅಂದರೆ, "ಕಾಗದ ಬರೀರಿ. ಅದ್ರಲ್ಲಾದ್ರೂ ನೀವು ಮಧ್ಯೆ ಬಾಯಿ ಹಾಕೋಕಾಗಲ್ಲ" ಅಂದಳು.

ಸಂಗ್ರಹಾಲಯದಲ್ಲಿ ನನ್ನ ಕೆಲಸ ನಿನಗೆ ಗೊತ್ತು: ಸತ್ತ ಹುಳಗಳಿಗೆ ಹೆಸರಿನ ಚೀಟಿ ಬರೆಯುವುದು, ಮುರಿದ ಕಾಲು ಮೀಸೆ ಅಂಟಿಸುವುದು. ಓದಿದ್ದು ಪದ್ಯ, ಮಾಡುವುದು ಗೋಂದಿನ ವೈದ್ಯ. ಹೋದ ತಿಂಗಳು ಒಂದು ಪೆಟ್ಟಿಗೆ ಬಂತು. ಒಳಗೆ ಹನ್ನೆರಡು ಸಣ್ಣ ಪತಂಗಗಳು. ಕಡ್ಡಿಯಂಥ ಮೈ, ಉದ್ದನೆಯ ಮುಳ್ಳುಗಾಲು. ಒಂದರ ರೆಕ್ಕೆಯೂ ನೆಟ್ಟಗಿರಲಿಲ್ಲ. ಮುಂದಿನ ರೆಕ್ಕೆ ಎರಡು ಸೀಳು, ಹಿಂದಿನದು ಮೂರು. ಅಯ್ಯೋ ಪಾಪ ಅನ್ನಿಸಿತು. ಮೂರು ದಿನ ಕತ್ತು ಬಗ್ಗಿಸಿ ಕೂತು, ಕೂದಲೆಳೆಯ ಕುಂಚದಿಂದ ಗೋಂದು ಸವರಿ ಒಂದೊಂದೇ ಸೀಳನ್ನು ಕೂಡಿಸಿದೆ.

ನಮ್ಮ ಮೇಡಂ (ನಾವಿಟ್ಟ ಹೆಸರು ಭೂತಗನ್ನಡಿ) ಬಂದು ನೋಡಿದರು.

"ಇದೇನ್ರೀ ಮಾಡಿದ್ದೀರಿ?"

"ರಿಪೇರಿ, ಮೇಡಂ. ಎಲ್ಲದರ ರೆಕ್ಕೆನೂ ಹರಿದುಹೋಗಿತ್ತು."

"ಹನ್ನೆರಡಕ್ಕೆ ಹನ್ನೆರಡೂ ಒಂದೇ ಥರ ಹರಿಯುತ್ತೇನ್ರೀ?"

"ಹರಿದವನು ಒಬ್ಬನೇ ಇರಬಹುದು ಅಂದ್ಕೊಂಡೆ."

ಅವರು ಕುರ್ಚಿಯಲ್ಲಿ ಕುಸಿದರು. "ಇದು ಗರಿಪತಂಗ, ಮಾರಾಯ್ರೇ. ಇದರ ರೆಕ್ಕೆ ಇರೋದೇ ಹೀಗೆ. ಗರಿಗಳ ಅಂಚಿಗೆಲ್ಲ ಕೂದಲಿದೆ ನೋಡಿ. ಅದರಲ್ಲೇ ಹಾರುತ್ತೆ."

ನೀರು ಹಚ್ಚಿ ಬಿಡಿಸಲು ಕೂತೆ. ಏಳು ಬಿಟ್ಟುಕೊಂಡವು. ಐದರ ಗರಿಗಳು ನನ್ನ ಗೋಂದಿನ ಜೊತೆಗೇ ಕಿತ್ತುಬಂದವು. ಈಗ ಅವು ನಿಜಕ್ಕೂ ಹರಿದಿವೆ.

ಮಾರನೆಯ ದಿನ ಕಿಟಕಿಯ ಚೌಕಟ್ಟಿನ ಮೇಲೆ ಒಣ ಹುಲ್ಲಿನ ಚೂರೊಂದು ಬಿದ್ದಿತ್ತು. ಅದರ ಆಕಾರ ಬಟ್ಟೆ ನೇತುಹಾಕುವ ಹ್ಯಾಂಗರಿನ ಹಾಗೆ. ಉಫ್ ಎಂದು ಊದಿದೆ. ಹುಲ್ಲು ಕಾಲು ಕೊಡವಿತು! ಜೀವಂತ ಗರಿಪತಂಗ, ಕೂತಾಗ ಗರಿಗಳನ್ನು ಕೊಡೆಯಂತೆ ಸುತ್ತಿ ಅಡ್ಡಕ್ಕೆ ಚಾಚಿಕೊಳ್ಳುತ್ತದೆ. ಬಿಚ್ಚಿ, ತೊನೆಯುತ್ತ ಹೊರಟಿತು. ಬೀಳುತ್ತದೇನೋ ಎಂದು ನಾನು ಅಂಗೈ ಒಡ್ಡಿದೆ.

"ಕೈ ತೆಗೀರಿ" ಅಂದರು ಮೇಡಂ. "ನಿಮ್ಮ ಸಹಾಯ ಸಾಕು, ಅದು ಹೋಗುತ್ತೆ."

ನಿಧಾನವಾಗಿಯೇ ಹೋಯಿತು. ಎದುರಿನ ಗೋಡೆಯನ್ನು ಸೇರಿತು.

ಪೆಟ್ಟಿಗೆಗೆ ಹೊಸ ಚೀಟಿ ಬರೆದೆ: "ಹರಿದದ್ದಲ್ಲ, ಗರಿ, ಇರುವ ಹಾಗೇ ಸರಿ." "ಚೀಟೀಲೂ ಪ್ರಾಸಾನಾ? ಬೇರೆ ಬರೀರಿ" ಎಂದು ಮೇಡಂ ವಾಪಸು ಕೊಟ್ಟರು. ಅದೀಗ ನನ್ನ ಅಂಗಿಯ ಜೇಬಿನಲ್ಲಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗೆ ಬಂದ ಸೀಮೆಸುಣ್ಣ ಮುರಿಯದಿರಲಿ, ನಿನ್ನ ತರಗತಿಯ ಮಕ್ಕಳು ನಿನ್ನನ್ನು ಚೆನ್ನಾಗಿ ಗೋಳುಹೊಯ್ದುಕೊಳ್ಳಲಿ, ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಅಪ್ಪ

ಮರೆತಿದ್ದೆ (ಮರೆತಿರಲಿಲ್ಲ): ಏಳು ವಾರದ ಹಿಂದೆ ಆವತ್ತು ನೀನು ಫೋನ್ ಮಾಡಿದ್ದು ಶಾಲೆಯಲ್ಲಿ ಮೊದಲ ಪಾಠ ಮಾಡಿ ಮುಗಿಸಿದ ಖುಷಿಗೆ. "ಅಪ್ಪಾ, ಮಕ್ಕಳೆಲ್ಲ ನ... ನ... ನ..." ಅಂದೆ. ನೀನು ಮಾತು ಕಲಿತಾಗಿನಿಂದ, ನಾಲಿಗೆ ತಡವರಿಸಿದಾಗಲೆಲ್ಲ ಮುಂದಿನ ಪದವನ್ನು ನಾನೇ ಅಂಟಿಸುತ್ತ ಬಂದವನು. ಅಂದೂ ತಡೆಯಲಾರದೆ, "ನಕ್ಕರಾ?" ಎಂದು ಕೇಳಿಬಿಟ್ಟೆ. ನೀನು ಫೋನ್ ಇಟ್ಟೆ. ನಿನ್ನ ಪದ ಅದಾಗಿರಲಿಲ್ಲ ಎಂದು ಆಗಲೇ ಗೊತ್ತಾಯಿತು. ಯಾವುದು ಎಂದು ಅಮ್ಮನಿಗೆ ಗೊತ್ತು. "ಅವಳನ್ನೇ ಕೇಳಿ" ಅನ್ನುತ್ತಾಳೆ. ಈ ಭಾನುವಾರ ಹೇಳುತ್ತೀಯಾ, ಗುಬ್ಬಿ? ಎಷ್ಟು ಹೊತ್ತಾದರೂ ಆಗಲಿ. ನಾನು ಕೇಳುತ್ತಿರುತ್ತೇನೆ.