ಹಿರಿಯವಳ ಎಲೆ-ಅಡಿಕೆ

ಹೆಬಳೆ, ಭಟ್ಕಳ ತಾಲೂಕು
ಗುರುವಾರ, ೧೬ ನವೆಂಬರ್ ೨೦೨೩

ಇನ್ನೂ ಮುಖ ನೋಡದ ತಂಗಿ ಸುಶ್ಮಿತಾಳಿಗೆ,

ನಿನ್ನನ್ನು ತಂಗಿ ಎನ್ನಬೇಕೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿದೆ. ನನ್ನ ಮಗಳು ವಿನುತಾಳಿಗಿಂತ ನೀನು ಸ್ವಲ್ಪವೇ ದೊಡ್ಡವಳಂತೆ. ಮಗಳೇ ಎಂದು ಬರೆಸಿದರೆ, ನಾಳೆ ನೀನು ಸವತಿಯಾಗಿ ಬಂದಾಗ ಇಬ್ಬರಿಗೂ ನಗೆಗೇಡು. ಸದ್ಯಕ್ಕೆ ತಂಗಿ ಎಂದೇ ಇರಲಿ. ನಾನು ನಾಗಮ್ಮ. ಈ ಭಾನುವಾರ ಹೊನ್ನಾವರಕ್ಕೆ ನಿನ್ನನ್ನು ಕೇಳಲು ಬರುವ ಭಾಸ್ಕರ ಅವರ ಮೊದಲ ಹೆಂಡತಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ; ಇವತ್ತು ಈ ಕಾಗದಕ್ಕಾಗಿ ಒಮ್ಮೆ ಹೇಳಿದೆ.

ಅಕ್ಷರ ಚೆನ್ನಾಗಿದೆ ಎಂದು ಮೋಸ ಹೋಗಬೇಡ, ಅದು ನನ್ನದಲ್ಲ. ನಾನು ಹೇಳುತ್ತಾ ಹೋಗುತ್ತೇನೆ, ಒಬ್ಬರು ಬರೆಯುತ್ತಾರೆ. ನನಗೆ ಸಹಿ ಹಾಕುವಷ್ಟು ಮಾತ್ರ ಬರುತ್ತದೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಕೈಯಲ್ಲಿರುವ ಫೋನನ್ನು ಇವರೇ ಕೊಡಿಸಿದ್ದು ಎಂದು ಗಂಗೆ ಹೇಳಿದಳು. ನಿಮ್ಮ ಓಣಿಗೆ ಮಲ್ಲಿಗೆ ತರುವ ಗಂಗೆ ನಮ್ಮ ಊರಿನವಳು, ಗೊತ್ತಲ್ಲ. ಈ ಕಾಗದವನ್ನು ಹೂವಿನ ಬುಟ್ಟಿಯಲ್ಲಿಟ್ಟು ತಂದು ನಿನ್ನ ಕೈಗೇ ಕೊಡುತ್ತಾಳೆ. ಅವಳ ಬಸ್ಸಿನ ಹೊತ್ತಿಗೆ ಮುಗಿಯಬೇಕು. ಅದಕ್ಕೇ ನಾನು ಕೂತಲ್ಲಿ ಕೂರದೆ ಬಾಗಿಲಿಗೂ ಒಲೆಗೂ ಓಡಾಡುತ್ತಾ ಹೇಳುತ್ತಿದ್ದೇನೆ. ಇವರ ಬೈಕಿನ ಸದ್ದು ಎಂದುಕೊಂಡು ಎರಡು ಸಲ ಕಾಗದವನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಯೂ ಆಯಿತು.

ವಿಷಯ ಇಷ್ಟೇ. ನೀನು ಇವರನ್ನು ಒಪ್ಪಿಕೊಳ್ಳಬೇಡ.

ಹೀಗೆ ನೇರವಾಗಿ ಹೇಳಿದರೆ ಹೊಟ್ಟೆಕಿಚ್ಚು ಎನ್ನುತ್ತೀಯ. ಇರಬಹುದು, ಅದೂ ಸ್ವಲ್ಪ ಇದೆ. ಆದರೆ ಹೊಟ್ಟೆಕಿಚ್ಚನ್ನೆಲ್ಲ ನಾನು ಒಂಬತ್ತು ವರ್ಷದ ಹಿಂದೆಯೇ ಇವರ ಎರಡನೆಯವಳಾದ ಕುಮಟೆಯವಳ ಮೇಲೆ ಖರ್ಚು ಮಾಡಿಬಿಟ್ಟಿದ್ದೇನೆ. ನಿನ್ನ ಪಾಲಿಗೆ ಹೆಚ್ಚೇನೂ ಉಳಿದಿಲ್ಲ.

ನಮ್ಮ ಜನರಲ್ಲಿ ಒಂದು ಕ್ರಮವಿದೆ. ಗಂಡಸು ಇನ್ನೊಂದು ಮನೆ ಮಾಡುವಾಗ ಹಿರಿಯ ಹೆಂಡತಿ ಜೊತೆಗೆ ಹೋಗಿ, ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಅವಳ ತಾಯಿಯ ಕೈಗೆ ಎಲೆ-ಅಡಿಕೆ ಕೊಡಬೇಕು. ಕಾನೂನು ಇದನ್ನು ಮದುವೆ ಎನ್ನುವುದಿಲ್ಲ. ಅದಕ್ಕೇ ಹಿರಿಯರು ಕಾನೂನನ್ನು ಕೇಳಲು ಹೋಗುವುದಿಲ್ಲ, ನನ್ನ ಕೈಯನ್ನು ಕೇಳುತ್ತಾರೆ. ಕುಮಟೆಯವಳ ಮನೆಗೂ ನಾನೇ ತಟ್ಟೆ ಹಿಡಿದುಕೊಂಡು ಹೋಗಿದ್ದೆ. ಆ ದಿನ ಬೇಕೆಂದೇ ಅಡಿಕೆ ಇಡದೆ ಬರೀ ಎಲೆ ಕೊಟ್ಟೆ. ಅಪಶಕುನವೆಂದು ಅವರೇ ನಿಲ್ಲಿಸಿಯಾರು ಎಂದು ನನ್ನ ಲೆಕ್ಕ. ಅವಳ ತಾಯಿ ತನ್ನ ಸೊಂಟದ ಚೀಲದಿಂದ ಅಡಿಕೆ ತೆಗೆದು ಸರಿಮಾಡಿಕೊಂಡಳು. ಎರಡು ಲಾರಿ ಇರುವ ಅಳಿಯನಿಗೆ ಅಪಶಕುನ ತಟ್ಟುವುದಿಲ್ಲ.

ಆಗ ಇವರದು ಭಟ್ಕಳ ಬಂದರಿನಿಂದ ಗೋವಾಕ್ಕೆ ಮೀನು ಸಾಗಿಸುವ ಲಾರಿಗಳು. ಅದಕ್ಕೂ ಮೊದಲು ಇವರು ಬೇರೆಯವರ ಟೆಂಪೋ ಓಡಿಸುತ್ತಿದ್ದಾಗ ಇನ್ನೊಬ್ಬಳ ಮಾತೇ ಇರಲಿಲ್ಲ. ಮೊದಲ ಲಾರಿ ಬಂದಾಗ ಅಂಗಳಕ್ಕೆ ಸಿಮೆಂಟು ಹಾಕಿಸಿದರು. ಎರಡನೆಯದು ಬಂದಾಗ ಇನ್ನೊಂದು ಅಂಗಳ ಹುಡುಕಿದರು. ಗಂಡು ಮಗು ಬೇಕು ಎಂಬ ನೆಪ ಆಗ ಇತ್ತು. ಕುಮಟೆಯವಳು ಗಂಡನ್ನೇ ಹೆತ್ತಳು. ಲೋಕೇಶ ಎಂದು ಹೆಸರು, ಈಗ ಏಳು ವರ್ಷ. ಹಾಗಾಗಿ ಈ ಸಲ ನೆಪವೂ ಇಲ್ಲ, ಬರೀ ದುಡ್ಡಿದೆ. ಹೆದ್ದಾರಿ ಅಗಲ ಮಾಡಲು ಹೋದ ನಮ್ಮ ರಸ್ತೆಬದಿಯ ಗದ್ದೆಗೆ ಪರಿಹಾರ ಬಂತಲ್ಲ, ಆ ದುಡ್ಡು.

ಅದು ಬಂದ ತಿಂಗಳಲ್ಲೇ ಇವರು ಒಣಮೀನು ತಿನ್ನುವುದನ್ನು ಬಿಟ್ಟರು. ಬಾಯಿ ವಾಸನೆ ಬರುತ್ತದಂತೆ. ಗಂಡಸು ಎಲ್ಲ ಬಿಟ್ಟಾನು, ನಮ್ಮ ಕಡೆ ಮಳೆಗಾಲದಲ್ಲಿ ಸುಟ್ಟ ಒಣಮೀನು ಬಿಡುವುದುಂಟೇ? ಕುಮಟೆಯ ಸಲವೂ ಹೀಗೇ ಬಿಟ್ಟಿದ್ದರು. ತಟ್ಟೆಯ ಅಂಚಿಗೆ ತಳ್ಳಿದ ಆ ಮೀನನ್ನು ನೋಡಿಯೇ ನನಗೆ ಗೊತ್ತಾಯಿತು, ಎಲ್ಲೋ ಒಬ್ಬಳಿದ್ದಾಳೆ ಎಂದು. ನಿನ್ನ ಹೆಸರು ಆಮೇಲೆ ತಿಳಿದದ್ದು.

ಇವರು ಕೆಟ್ಟವರಲ್ಲ ಸುಶ್ಮಿತಾ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ. ದುಡ್ಡಿದ್ದಾಗ ಯಾರನ್ನೂ ಉಪವಾಸ ಕೆಡವಿದವರಲ್ಲ. ವಿನುತಾ ಚಿಕ್ಕವಳಿದ್ದಾಗ ಗೋವಾದಿಂದ ಫ್ರಾಕು ತರುತ್ತಿದ್ದರು, ಒಂದಕ್ಕಿಂತ ಒಂದು ಚಂದ. ಆದರೆ ಎಲ್ಲವೂ ಗಿಡ್ಡ. ಹಿಂದಿನ ಸಲ ಬಂದಾಗ ಕಂಡ ಮಗಳ ಅಳತೆಗೆ ತರುತ್ತಿದ್ದರು, ಅಷ್ಟರಲ್ಲಿ ಅವಳು ಬೆಳೆದುಬಿಡುತ್ತಿದ್ದಳು. ಆ ಫ್ರಾಕುಗಳನ್ನೆಲ್ಲ ಪಕ್ಕದ ಮನೆಯ ಬಂಗಾರಿಯ ಮಕ್ಕಳು ತೊಟ್ಟು ಹರಿದರು. ಬಂಗಾರಿಯ ಗಂಡ ಈರ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವನು. ಸಂಜೆ ಜಗಲಿಯ ಮೇಲೆ ಕೂತು ಮಕ್ಕಳ ತಲೆಯ ಹೇನು ತೆಗೆಯುತ್ತಾನೆ. ಅವನೇನು ಸಂತನಲ್ಲ. ಅವನಿಗೆ ಎರಡನೆಯವಳನ್ನು ಯಾರೂ ಕೊಡುವುದಿಲ್ಲ, ಆದ್ದರಿಂದ ಮನೆಯಲ್ಲಿದ್ದಾನೆ. ಆದರೆ ಬಂಗಾರಿಯ ಮಕ್ಕಳು ಹೊಸ ಫ್ರಾಕು ತೊಟ್ಟು ಅಪ್ಪನ ಹೆಗಲೇರುವಾಗ ನನ್ನ ಮಗಳು ಬೇಲಿಯ ಈಚೆ ನಿಂತು ನೋಡುತ್ತಿದ್ದಳು.

ಬೀಗ ಹಾಕಿದ ವರ್ಷ, ಅದೇ ಕೊರೊನಾದ ವರ್ಷ, ಲಾರಿಗಳು ನಿಂತವು. ಆಮೇಲೆ ಮಾರಿಯೂ ಹೋದವು. ಇವರಿಗೆ ಹೋಗಲು ಜಾಗವಿಲ್ಲ, ಮಾಡಲು ಕೆಲಸವಿಲ್ಲ. ಇಲ್ಲಿಗೂ ಕುಮಟೆಗೂ ಬಸ್ಸಿನಲ್ಲಿ ಓಡಾಡುತ್ತಿದ್ದರು. ಆಗ ಲೋಕೇಶನಿಗೆ ನಾಲ್ಕು ವರ್ಷ. ಅವನನ್ನು ಮೀಯಿಸಿದ್ದು, ಶಾಲೆ ತೆರೆದ ಮೇಲೆ ಅಲ್ಲಿಗೆ ಕರೆದುಕೊಂಡು ಹೋದದ್ದು, ಕೈ ಹಿಡಿದು ಅ ಆ ಬರೆಸಿದ್ದು ಎಲ್ಲ ಇವರೇ. ಕಳೆದ ಬೇಸಿಗೆಯಲ್ಲಿ ಹುಡುಗನನ್ನು ಇಲ್ಲಿಗೂ ಕರೆತಂದಿದ್ದರು. ಊಟಕ್ಕೆ ಕೂತಾಗ ತಮ್ಮ ಅನ್ನ ಆರಿಹೋದರೂ ಬಿಡದೆ ಅವನಿಗೆ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಇಡುತ್ತಿದ್ದರು. ಅದನ್ನೇ ನೋಡುತ್ತಿದ್ದ ವಿನುತಾ ಕೈ ತೊಳೆದು ಎದ್ದುಹೋದಳು. ಹಿತ್ತಿಲಿಗೆ ಹೋಗಿ ಎಂತಾಯ್ತು ಎಂದು ಕೇಳಿದೆ. ‘ಅಪ್ಪಂಗೆ ಮುಳ್ಳು ಬಿಡಿಸೂಕೆ ಬರ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಅಮ್ಮ’ ಎಂದಳು.

ಬರೆಯುತ್ತಿರುವವರು ಇಲ್ಲಿ ಪೆನ್ನು ಕೆಳಗಿಟ್ಟರು. ಬರೆ ಮಾರಾಯ್ತಿ, ಬಸ್ಸು ಬರುತ್ತದೆ ಎಂದೆ. ಮತ್ತೆ ಹಿಡಿದರು.

ಈಗ ಆ ಲೋಕೇಶನಿಗೂ ಫ್ರಾಕಿನ ಕಾಲ ಶುರುವಾಗಿದೆ. ಇವರು ಅವನಿಗೆ ಬ್ಯಾಟರಿಯ ಕಾರು ತಂದುಕೊಟ್ಟಿದ್ದಾರೆ, ಎದುರಿಗೆ ಕೂತು ಉಂಡು ಎಷ್ಟೋ ದಿನವಾಯಿತು. ಹುಡುಗ ಊಟ ಬಿಟ್ಟಿದ್ದಾನೆ. ಮೀನು ಹಾಕಿದರೆ ಮುಳ್ಳಿದೆ ಎಂದು ಅಳುತ್ತಾನೆ. ಇದೆಲ್ಲ ನಿನಗೆ ಹೇಗೆ ಗೊತ್ತು, ಹುಡುಗ ಕುಮಟೆಯಲ್ಲಿ ಅಲ್ಲವೇ ಎಂದು ಕೇಳಬೇಡ. ಗೊತ್ತು, ಅಷ್ಟೇ.

ಬಡವನ ಒಬ್ಬಳೇ ಹೆಂಡತಿಯಾಗುವುದಕ್ಕಿಂತ ಉಳ್ಳವನ ಮೂರನೆಯವಳಾಗುವುದು ಲೇಸು ಎಂದು ನಿನ್ನ ತಾಯಿ ಗಂಗೆಯ ಹತ್ತಿರ ಹೇಳಿದರಂತೆ. ತಪ್ಪು ಎನ್ನಲಾರೆ. ನೀನು ಜವಳಿ ಅಂಗಡಿಯಲ್ಲಿ ಇಡೀ ದಿನ ನಿಂತು ಸೀರೆ ಬಿಡಿಸುತ್ತೀಯ, ಬೆನ್ನಿಗೆ ಇಬ್ಬರು ತಂಗಿಯರಿದ್ದಾರೆ, ತಂದೆ ಇಲ್ಲ. ಕುಮಟೆಯವಳ ತಾಯಿಯೂ ಇದೇ ಮಾತು ಹೇಳಿದ್ದಳು. ಹಂಚಿ ತಿಂದರೆ ಹಸಿವಿಲ್ಲ ಎನ್ನುತ್ತಾರೆ. ಅನ್ನಕ್ಕೆ ಆ ಮಾತು ಸರಿ. ಗಂಡನನ್ನು ಹಂಚಿಕೊಂಡು ನೋಡಿದ ಮೇಲೆ ಹೇಳುತ್ತೇನೆ, ದೊಡ್ಡವರು ಹೇಗೋ ಸುಧಾರಿಸಿಕೊಳ್ಳುತ್ತೇವೆ, ಮಕ್ಕಳು ಹಸಿದಿರುತ್ತವೆ.

ಕುಮಟೆಯವಳೂ ಕೆಟ್ಟವಳಲ್ಲ. ಸಾರಿಗೆ ಹುಳಿ ಜಾಸ್ತಿ ಹಾಕುತ್ತಾಳೆ, ಬೆಳಿಗ್ಗೆ ಕರೆಯದೆ ಏಳುವುದಿಲ್ಲ, ಪಿಯುಸಿ ಓದಿದ್ದೇನೆಂದು ಸ್ವಲ್ಪ ಮೂಗು ಮೇಲೆ. ಅಷ್ಟೇ ದೋಷ. ನಿನಗೆ ಕುಮಟೆಯಲ್ಲಿ ಒಂದು ಮನೆ ತೋರಿಸಿದ್ದಾರಂತೆ, ನೀನು ಮೆಚ್ಚಿಕೊಂಡೆಯಂತೆ. ಆ ಮನೆಯ ವಿಷಯ ನಾನು ಹೇಳುವುದಿಲ್ಲ. ಹೇಳಬೇಕಾದವಳು ನಾನಲ್ಲ.

ಹಾಗಾದರೆ ನೀನೇ ಎಲೆ-ಅಡಿಕೆ ಕೊಡುವುದಿಲ್ಲ ಎಂದುಬಿಡು ಎನ್ನಬಹುದು. ಎಂದೆ. ಇವರು ಸಿಟ್ಟು ಮಾಡಲಿಲ್ಲ. ಬಾಚಣಿಗೆ ಕಿಸೆಗೆ ಹಾಕಿಕೊಳ್ಳುತ್ತಾ, ‘ನಿನ್ನ ಮನೆ ನಿಂಗೆ, ಅದರ ಮನೆ ಅದಕ್ಕೆ. ಎಲೆ ಕೊಟ್ರೆ ನಿಂಗೆ ಎಂತ ಹೋಗ್ತದೆ? ಕೊಡೂದಿಲ್ಲಾದ್ರೆ ವಿನುತಾ ಓದಿದ್ದು ಸಾಕು, ಮನೇಲಿರ್ಲಿ’ ಎಂದರು. ವಿನುತಾಳಿಗೆ ಬಿ.ಎಡ್. ಮುಗಿಯಲು ಇನ್ನೊಂದು ವರ್ಷವಿದೆ. ಅವಳು ಟೀಚರಾದರೆ ಯಾರ ಮೂರನೆಯವಳೂ ಆಗಬೇಕಿಲ್ಲ. ಆತು, ಬರುತ್ತೇನೆ ಎಂದು ಒಪ್ಪಿಕೊಂಡೆ. ಹೀಗಾಗಿ ಭಾನುವಾರ ನಾನು ನಿನ್ನ ಮನೆಗೆ ಬಂದೇ ಬರುತ್ತೇನೆ. ತಟ್ಟೆಯಲ್ಲಿ ಈ ಸಲ ಅಡಿಕೆಯೂ ಇರುತ್ತದೆ. ನನ್ನ ಕೈ ಕಟ್ಟಿಹಾಕಿದ್ದಾರೆ, ನಿನ್ನದನ್ನು ಇನ್ನೂ ಕಟ್ಟಿಲ್ಲ.

ನೀನು ಜಗಳ ಮಾಡಬೇಡ, ಒಲ್ಲೆ ಎಂದು ಅಳಲೂಬೇಡ. ನಾವು ಬಂದು ಕೂತ ಮೇಲೆ, ‘ನಾ ಹೊರಗಾಗಿದ್ದೆ’ ಎಂದು ಒಳಗಿನಿಂದಲೇ ತಾಯಿಗೆ ಹೇಳು. ಮುಟ್ಟಾದವಳ ಎದುರು ಎಲೆ-ಅಡಿಕೆ ಕೊಡುವ ಕ್ರಮವಿಲ್ಲ, ಮತ್ತು ನಿಜವೋ ಸುಳ್ಳೋ ಎಂದು ಯಾವ ಗಂಡಸೂ ಕೇಳಲು ಬರುವುದಿಲ್ಲ. ನಾನು ತಟ್ಟೆ ಎತ್ತಿಕೊಂಡು ಏಳುತ್ತೇನೆ. ಒಂದು ಮನೆಯಿಂದ ತಿರುಗಿದ ತಟ್ಟೆ ಮತ್ತೆ ಅದೇ ಮನೆಗೆ ಹೋಗಬಾರದು ಎಂಬುದೂ ನಮ್ಮ ಕ್ರಮವೇ. ಇವರ ಸೋದರಮಾವ ಜೊತೆಗಿರುತ್ತಾರೆ, ಅವರು ಇಂಥದ್ದರಲ್ಲಿ ಬಲು ಗಟ್ಟಿ. ಅಲ್ಲಿಗೆ ಮುಗಿಯಿತು. ನಾನು ಕೊಡಲು ಬಂದಿದ್ದೆ, ನೀನು ಬೇಡ ಎನ್ನಲಿಲ್ಲ. ವಿನುತಾಳ ಓದಿಗೂ ಕುತ್ತಿಲ್ಲ, ನಿನಗೂ ಕೆಟ್ಟ ಹೆಸರಿಲ್ಲ.

ಇಷ್ಟು ಹೇಳಿದ ಮೇಲೂ ನೀನು ಹೊಸ ಸೀರೆಯುಟ್ಟು ಹೊರಗೆ ಬಂದು ನಿಂತರೆ ನಾನು ಎಲೆ-ಅಡಿಕೆ ಕೊಡುತ್ತೇನೆ. ಬೈಯುವುದಿಲ್ಲ. ನಿನ್ನ ತಂಗಿಯರ ಮುಖ ನೀನೇ ನೋಡಬೇಕು, ನಾನಲ್ಲ. ಈ ಮೂರು ರಾತ್ರಿ ನನಗಂತೂ ನಿದ್ದೆ ಇಲ್ಲ, ನಿನಗೂ ಇಲ್ಲದಂತೆ ಮಾಡಿದೆ.

ಗಂಗೆ ಅಂಗಳದಿಂದ ಕೂಗುತ್ತಿದ್ದಾಳೆ. ಓದಿ ಒಲೆಗೆ ಹಾಕು.

ನಿನ್ನ ಅಕ್ಕನಾಗಲಿ, ಯಾರೂ ಅಲ್ಲದವಳಾಗಲಿ,
ನಾಗಮ್ಮ

ತಾ.ಕ.: ಅಕ್ಕ ಗಂಗೆಗೆ ಚಹಾ ಕೊಡಲು ಹೋಗಿದ್ದಾರೆ. ಅವರಿಗೆ ಓದಲು ಬರುವುದಿಲ್ಲವಾದ್ದರಿಂದ ಇಷ್ಟನ್ನು ನಾನೇ ಸೇರಿಸುತ್ತಿದ್ದೇನೆ. ಈ ಕಾಗದ ಬರೆದವಳು ನಾನು, ಮಂಗಲಾ, ಅವರು ಹೇಳುವ ಕುಮಟೆಯವಳು. ನನ್ನ ಬಗ್ಗೆ ಹೇಳಿದ್ದನ್ನೂ ಒಂದಕ್ಷರ ಬಿಡದೆ ಬರೆದಿದ್ದೇನೆ. ನೀವು ನೋಡಿ ಮೆಚ್ಚಿದ ಆ ಮನೆ ನನ್ನದು. ರಿಪೇರಿ ಇದೆ, ಸ್ವಲ್ಪ ದಿನ ಹೆಬಳೆಯಲ್ಲಿರಿ ಎಂದು ದೀಪಾವಳಿಗೆ ಮೊದಲು ಯಜಮಾನರು ನನ್ನನ್ನೂ ಲೋಕೇಶನನ್ನೂ ಇಲ್ಲಿ ಬಿಟ್ಟುಹೋದರು. ಬೀಗ ಬದಲಾಗಿದೆ ಎಂದು ಆಮೇಲೆ ತಿಳಿಯಿತು. ಅಕ್ಕ ಒಂದು ಮಾತೂ ಕೇಳದೆ ಒಳಗೆ ಕರೆದು ಮಗುವಿಗೆ ಅನ್ನ ಹಾಕಿದರು.

ಅಕ್ಕ ಹೇಳಿದಂತೆ ಮಾಡಿ ಎಂದು ನಾನು ಕೇಳಲಾರೆ, ನಾನೂ ಒಂದು ದಿನ ಹೊಸ ಸೀರೆಯುಟ್ಟು ಹೊರಗೆ ಬಂದು ನಿಂತವಳೇ. ಒಂದು ವೇಳೆ ನೀವು ಆ ಮನೆಗೆ ಬರುವುದೇ ಆದರೆ, ಹಿತ್ತಿಲ ಬಾವಿಗೆ ಕಟ್ಟೆ ಇಲ್ಲ, ನೆಲಮಟ್ಟಕ್ಕೇ ಇದೆ. ಲಾರಿಗಳಿದ್ದಾಗ ಎಷ್ಟು ಸಲ ಹೇಳಿದರೂ ಯಜಮಾನರು, ಮುಂದಿನ ಸಲ ಬಂದಾಗ ನೋಡೋಣ ಎನ್ನುತ್ತಿದ್ದರು. ಲಾರಿಗಳು ಹೋದ ಮೇಲೆ ಕಲ್ಲು ತರಿಸುವ ಶಕ್ತಿ ಇರಲಿಲ್ಲ. ಆ ಮೂರು ವರ್ಷ ಲೋಕೇಶ ಹಿತ್ತಿಲಲ್ಲಿ ಆಡುವಷ್ಟು ಹೊತ್ತೂ ಅವರೇ ಬಾವಿಗೆ ಅಡ್ಡವಾಗಿ ಕೂತಿರುತ್ತಿದ್ದರು. ಈಗ ದುಡ್ಡು ಬಂದಿದೆ. ನಿಮ್ಮ ಮಗುವಿಗೆ ಖಂಡಿತ ಕಟ್ಟೆ ಕಟ್ಟಿಸಿಕೊಡುತ್ತಾರೆ.