ಐದು ಜನಕ್ಕೆ ಸಾಕಾಗುವ ಕಾರು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಪಾಪುವಿಗೆ ಹಲ್ಲು ಬಂತಾ? ನಿನ್ನ ಪತ್ರ ಬಂದು ಯಾವ ಕಾಲವಾಯಿತು, ನಾನು ಇವತ್ತು ಪೆನ್ನು ಹಿಡಿದಿದ್ದೇನೆ. ಬೈಯಬೇಡ. ಬೈದರೂ ಈಗ ಅರ್ಧ ಬೈದು, ಇನ್ನರ್ಧ ನಾನು ಬಂದಾಗ ಎದುರಿಗೇ ಬೈಯುವೆಯಂತೆ. ಫೋನು ಮಾಡಬಹುದಿತ್ತಲ್ಲ ಅನ್ನುತ್ತೀಯ. ಈ ಮನೆಯಲ್ಲಿ ಸಿಗ್ನಲ್ ಸಿಗುವುದು ಹಾಲಿನಲ್ಲಿ ಮಾತ್ರ, ಹಾಲಿನಲ್ಲಿ ಅತ್ತೆಯೂ ಸಿಗುತ್ತಾರೆ. ಅದಕ್ಕೇ ಈ ಪತ್ರ. ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ, ನಮ್ಮ ಕಾನ್ವೆಂಟಿನವರು ಕಲಿಸಿದ್ದೇ ಇಷ್ಟು.

ಅಕ್ಕಾ, ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ! ನನ್ನ ರಾಜಕುಮಾರ ದಿನಾ ಆಫೀಸಿನಿಂದ ಬರುವಾಗ ನನಗೆ ಅಂತಲೇ ಏನಾದರೂ ತರುತ್ತಾನೆ. ಮೊನ್ನೆ ತಂದದ್ದು ಒಂದು ಸ್ಟೇಪ್ಲರ್, ಪಾಪ, ಬೇರೇನೂ ಸಿಗಲಿಲ್ಲವಂತೆ. ಕೋಣೆಯೊಳಗೆ ‘ನೀನು, ಕತ್ತೆ’ ಅನ್ನುತ್ತೇನೆ, ಬಾಗಿಲು ದಾಟಿದರೆ ‘ಇವರು, ರೀ’. ಒಮ್ಮೊಮ್ಮೆ ಮರೆತು ಹೊಸ್ತಿಲ ಮೇಲೆ ನಿಂತು ‘ಕತ್ತೆ ರೀ’ ಅಂದುಬಿಡುತ್ತೇನೆ.

ಈಗ ದೊಡ್ಡ ಸುದ್ದಿ. ಕಾರು ಬಂತು! ಸೆಕೆಂಡ್ ಹ್ಯಾಂಡು, ಬೂದು ಬಣ್ಣದ ಪುಟ್ಟ ಹ್ಯಾಚ್‌ಬ್ಯಾಕು. ಮದುವೆಯ ದಿನ ನಾನು ಹೊರಟಾಗ ನೀನು ನನ್ನ ಕಿವಿಯಲ್ಲಿ ಹೇಳಿದ್ದು ನೆನಪಿದೆಯಾ? “ಮನೆಗೆ ಕಾರು ಬಂದ್ಮೇಲೆ ನೀನೇ ಓಡಿಸ್ಕೊಂಡು ಬಾ. ಗೇಟ್ ಹತ್ರ ಹಾರ್ನ್ ಮಾಡು, ಪಾಪೂನ ಎತ್ಕೊಂಡು ಓಡಿ ಬರ್ತೀನಿ.” ನಿನ್ನ ಡ್ರೈವಿಂಗ್ ಸ್ಕೂಲಿನ ಹಳದಿ ಕಾರಿನಲ್ಲಿ ನನಗೆ ಕ್ಲಚ್ಚು ಬಿಡುವುದನ್ನು ಕಲಿಸಲು ನೀನು ಗಂಟಲು ಹರಿದುಕೊಂಡದ್ದು ಸುಮ್ಮನೆ ಹೋಗಬಾರದಲ್ಲ. ಆ ಒಂದು ಹಾರ್ನಿಗೋಸ್ಕರವೇ ನಾನು ಈ ಕಾರಿನ ವ್ಯವಹಾರದಲ್ಲಿ ಇಷ್ಟು ಮೂಗು ತೂರಿಸಿದ್ದು.

ಆದರೆ ಈ ಮನೆಯವರು ಕಾರು ಕೊಳ್ಳುವ ಚೆಂದವನ್ನು ನೀನು ನೋಡಬೇಕಿತ್ತು. ಕೂತು ನೋಡದೆ ಇವರು ಏನನ್ನೂ ಕೊಳ್ಳುವುದಿಲ್ಲ. ಸೋಫಾ ಇರಲಿ, ಪ್ಲಾಸ್ಟಿಕ್ ಕುರ್ಚಿ ಇರಲಿ, ಮನೆಮಂದಿಯೆಲ್ಲ ಅಂಗಡಿಗೆ ಹೋಗಿ ಒಬ್ಬೊಬ್ಬರಾಗಿ ಕೂತು, ಅಲ್ಲಾಡಿ, ಎದ್ದು, ಮುಖ ಮುಖ ನೋಡಿಕೊಂಡು ತಲೆಯಾಡಿಸಬೇಕು. ಊಟದ ಮೇಜನ್ನೂ ಹೀಗೆಯೇ ಕೂತು ನೋಡಿ ತಂದದ್ದಂತೆ. ಅದಕ್ಕೆ ಐದು ಕುರ್ಚಿ: ಮಾವ, ಅತ್ತೆ, ಇವರು, ಮಹಡಿಯ ಮೇಲಿರುವ ಇವರ ಅಕ್ಕ, ಆಕೆಯ ಗಂಡ. ನಾನು ಬಂದ ಮೇಲೆ ನನಗೆ ಅಡುಗೆಮನೆಯ ಎತ್ತರದ ಸ್ಟೂಲು ಸಿಕ್ಕಿದೆ. ಬಹಳ ಒಳ್ಳೆಯ ಜಾಗ ಅಕ್ಕಾ! ಅಲ್ಲಿಂದ ಎಲ್ಲರ ಬೋಳು ನೆತ್ತಿ ಕಾಣುತ್ತದೆ.

ಬೋಳು ನೆತ್ತಿ ಅಂದಾಗ ನೆನಪಾಯಿತು, ಇವರ ಭಾವ. ಈ ಮನೆಯಲ್ಲಿ ಕಾರಿನ ವಿಷಯಕ್ಕೆ ಅವರೇ ಕೊನೆಯ ಮಾತು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಎಂದೋ ಒಂದು ಕಾಲದಲ್ಲಿ ಅವರ ಬಳಿ ಕಾರಿತ್ತಂತೆ. ಅದು ಏನಾಯಿತು ಅಂತ ಕೇಳಿದರೆ ಇಡೀ ಮನೆ ಕೆಮ್ಮುತ್ತದೆ. ಕಾರು ಕಂಡ ಕೂಡಲೇ ಅವರು ಮೊದಲು ಟೈರಿಗೆ ಒದೆಯುತ್ತಾರೆ. ಆಮೇಲೆ ಬಾನೆಟ್ ತೆಗೆಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಐಸಿಯುನಲ್ಲಿ ಮಲಗಿರುವ ದೊಡ್ಡ ಮನುಷ್ಯರನ್ನು ನೋಡುವ ಹಾಗೆ ಇಂಜಿನ್ನನ್ನು ನೋಡಿ “ಹ್ಞೂಂ” ಅನ್ನುತ್ತಾರೆ. ಏನನ್ನೂ ಮುಟ್ಟುವುದಿಲ್ಲ. ಬ್ಯಾಟರಿ ಯಾವುದು ಅಂತ ಕೇಳಿದರೆ ಬೆವರುತ್ತಾರೆ ಅಂತ ನನ್ನ ಗುಮಾನಿ.

ಮಾವನವರಿಗೆ ಹಾರ್ನು ಗಟ್ಟಿಯಿದ್ದರೆ ಸಾಕು. ಅತ್ತೆ ಡಿಕ್ಕಿ ತೆಗೆಸಿ ಮೊಳ ಹಾಕುತ್ತಾರೆ. ಅತ್ತಿಗೆ ಮುಂದಿನ ಸೀಟಿನ ಪುಟ್ಟ ಕನ್ನಡಿಯಲ್ಲಿ ಲಿಪ್‌ಸ್ಟಿಕ್ ನೋಡಿಕೊಂಡು “ಲೈಟಿಂಗ್ ಚೆನ್ನಾಗಿದೆ” ಅಂತ ಸರ್ಟಿಫಿಕೇಟು ಕೊಡುತ್ತಾರೆ. ನನ್ನ ರಾಜಕುಮಾರ ಮಾತ್ರ ಪಾಪ “ಎಷ್ಟು ಕೊಡುತ್ತೆ?” ಅಂತ ಮೈಲೇಜು ಕೇಳುತ್ತಾನೆ. ಮಾರುವವನು ಬಾಯಿಗೆ ಬಂದದ್ದು ಹೇಳುತ್ತಾನೆ, ಇವನು ನಂಬುತ್ತಾನೆ. ನಂಬುವಾಗ ಅವನ ಮುಖ ಎಷ್ಟು ಮುದ್ದಾಗಿರುತ್ತದೆ ಗೊತ್ತಾ?

ಮೊದಲು ಹೋದದ್ದು ಹಳೆ ಕಾರುಗಳ ಒಂದು ಅಂಗಡಿಗೆ. ಅಲ್ಲಿಯವನು ಕೂಲಿಂಗ್ ಗ್ಲಾಸನ್ನು ತಲೆಯ ಮೇಲಿಟ್ಟುಕೊಂಡು, “ಸಾರ್, ಇದು ಡಾಕ್ಟ್ರಮ್ಮನ ಗಾಡಿ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ” ಅಂದ. ಮೀಟರಿನಲ್ಲೂ ಓಡಿದ್ದು ಅಷ್ಟೇ ಅನ್ನುವ ಹಾಗಿತ್ತು. ಆದರೆ ಬ್ರೇಕ್ ಪೆಡಲಿನ ರಬ್ಬರು ಸವೆದು ಒಳಗಿನ ಕಬ್ಬಿಣ ಹಲ್ಲು ಕಿರಿಯುತ್ತಿತ್ತು. ಆ ಡಾಕ್ಟ್ರಮ್ಮ ಕ್ಲಿನಿಕ್ಕನ್ನು ಬೇರೆ ದೇಶದಲ್ಲಿ ಇಟ್ಟುಕೊಂಡಿದ್ದರೇನೋ! ಒಳಗೆ ಕೂತರೆ ಸೆಂಟಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ನೀನು ಹೇಳಿದ್ದೆಯಲ್ಲ, ‘ಸೆಂಟು ಜಾಸ್ತಿ ಇದ್ರೆ ಮ್ಯಾಟ್ ಎತ್ತಿ ನೋಡು’ ಅಂತ. ಎತ್ತಿದೆ. ಕೆಳಗಿನ ಕಾರ್ಪೆಟ್ ಒದ್ದೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರು. ನೆರೆ ನೀರಿನಲ್ಲಿ ಮುಳುಗಿ ಎದ್ದ ಕಾರು ಅಕ್ಕಾ! ಅಷ್ಟರಲ್ಲಿ ಐದೂ ಜನ ಒಳಗೆ ಕೂತು ಅಲ್ಲಾಡಿ ಆಗಿತ್ತು. ಭಾವ, “ಗಾಡಿ ಬೆಣ್ಣೆ ಕಣಯ್ಯ, ಮುಗಿಸಿಬಿಡೋಣ” ಅನ್ನುತ್ತಿದ್ದರು.

ನಾನು ಬಾಯಿ ತೆರೆದೆ. “ಅಣ್ಣಾ, ಕೆಳಗೆ ಒದ್ದೆ ಇದೆ...”

“ನಿನಗಿದೆಲ್ಲ ಗೊತ್ತಾಗಲ್ಲ ಕಣಮ್ಮ. ವಾಷಿಂಗ್ ಮಾಡಿರ್ತಾರೆ” ಅಂದರು ಭಾವ.

ಇವರನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದೆ. ಇವರು ಗಂಟಲು ಸರಿಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, “ಭಾವ, ಇದು ನೀರಲ್ಲಿ ಮುಳುಗಿರೋ ಗಾಡಿ ಅನ್ಸುತ್ತೆ. ಸ್ಟೆಪ್ನಿ ಕೆಳಗೆ ಕೆಸರು ನೋಡಿ” ಅಂದರು. ಅತ್ತೆಯ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನೋಡ್ರೀ ನಮ್ಮ ಮಗನ ತಲೆ!” ಮಾವ ಬೆನ್ನು ತಟ್ಟಿದರು. ಆಮೇಲೆ ನೋಡಿದ ಕಾರುಗಳಿಗೆಲ್ಲ ಇದೇ ಏರ್ಪಾಡು: ಕಣ್ಣು ನನ್ನದು, ಬಾಯಿ ಇವರದು. ಬಾನೆಟ್ ಮುಟ್ಟಿ ಬೆಚ್ಚಗಿದ್ದರೆ, ತಣ್ಣಗಿದ್ದಾಗಿನ ತಕರಾರು ಮುಚ್ಚಿಡಲು ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ನಾನು ಇವರ ಕಿವಿಗೆ, ಇವರು ಊರಿಗೆ. ಬಾಗಿಲಿನ ರಬ್ಬರಿನ ಮೇಲೆ ಪೇಂಟಿನ ಹನಿ ಕಂಡರೆ, ಎಲ್ಲೋ ಗುದ್ದಿಸಿ ಮತ್ತೆ ಬಣ್ಣ ಹೊಡೆಸಿದ್ದಾರೆ ಅಂತ, ಅದೂ ಹಾಗೇ. ನನಗೆ ಮಜಾ ಅನ್ನಿಸುತ್ತಿತ್ತು, ನಿಜ. ಮದುವೆಯಾದ ಹೊಸದರಲ್ಲೇ ಇವರು ಹೇಳಿದ್ದರು, “ನಿನಗೆ ಡ್ರೈವಿಂಗ್ ಬರುತ್ತೆ ಅಂತ ಈಗ್ಲೇ ಹೇಳ್ಬೇಡ. ಭಾವಂಗೆ ಬೇಜಾರಾಗುತ್ತೆ. ಕಾರು ಬರ್ಲಿ, ಆಮೇಲೆ ನೀನೇ ಓಡಿಸುವಂತೆ.” ನಾನು ಬಾಯಿಗೆ ಬೀಗ ಹಾಕಿಕೊಂಡೆ. ಕಾರು ಬರಲಿ ಅಷ್ಟೇ.

ಕೊನೆಗೆ ಸಿಕ್ಕಿತು ನಮ್ಮ ಬೂದು ಚೆಲುವೆ. ಓನರು ಒಬ್ಬ ರಿಟೈರಾದ ನರ್ಸಮ್ಮ. ಕತ್ತರಿಸಿದ ಬಿಳಿ ಕೂದಲು, ಕಾಲಿಗೆ ಕ್ಯಾನ್ವಾಸ್ ಶೂ. ಮಂಡಿ ನೋವಂತೆ, ಅದಕ್ಕೇ ಮಾರುವುದು. ನಾವು ಹೋದಾಗ ಬಾನೆಟ್ ತಣ್ಣಗಿತ್ತು. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಚೊಕ್ಕ. ನಾಲ್ಕೂ ಟೈರು ಒಂದೇ ಸಮ ಸವೆದಿದ್ದವು. ನನಗೆ ಅಲ್ಲೇ ಕುಣಿಯುವಷ್ಟು ಆಸೆಯಾಯಿತು. ಇವರ ಕೈ ಚಿವುಟಿ “ಇದೇ, ಇದೇ, ಇದೇ” ಅಂದೆ.

ಆದರೆ ಅವರ ಮನೆಯ ಗೇಟು ಕಿರಿದು, ರಸ್ತೆಯಿಂದ ತಗ್ಗಿನಲ್ಲಿದೆ. ಕಾರನ್ನು ಹಿಂದಕ್ಕೆ ಏರಿಸಿ ಆಚೆ ತರಬೇಕು. ಭಾವ ಟೈರಿಗೆ ಒದ್ದು, ಸೀಟಿನಲ್ಲಿ ಕೂತು, ಕೀಲಿ ತಿರುಗಿಸಿದರು. ಕಾರು ಗೊರ್ರ್ ಅಂತು, ನಡುಗಿತು, ಆಫ್ ಆಯಿತು. ಮತ್ತೆ ಗೊರ್ರ್, ಮತ್ತೆ ಆಫ್. ಸುಟ್ಟ ವಾಸನೆ ಬೇರೆ. ಭಾವ ಕಿಟಕಿಯಿಂದ ತಲೆ ಆಚೆ ಹಾಕಿ ಗಂಭೀರವಾಗಿ ತೀರ್ಪು ಕೊಟ್ಟರು.

“ಪಿಕಪ್ ಇಲ್ಲ. ಇಂಜಿನ್ ಸತ್ತಿದೆ. ನಡೀರಿ ಹೋಗೋಣ.”

ಅಕ್ಕಾ, ಹ್ಯಾಂಡ್ ಬ್ರೇಕು! ಆ ಮಹಾನುಭಾವರು ಹ್ಯಾಂಡ್ ಬ್ರೇಕು ಇಳಿಸಿಯೇ ಇರಲಿಲ್ಲ. ಕಾಲು ಕಟ್ಟಿ ಓಡು ಅಂದ ಹಾಗೆ! ನರ್ಸಮ್ಮ ಬಾಗಿಲಿಗೆ ಒರಗಿ ನಿಂತು ಎಲ್ಲ ನೋಡುತ್ತಿದ್ದರು. ಇಂಥವರಿಗೆ ಕಾರು ಮಾರದಿದ್ದರೂ ಸರಿ ಅಂದುಕೊಂಡಿರಬೇಕು. ಇವರನ್ನು ನೋಡಿದೆ, ಹೇಳಿ, ನೀವೇ ಹೇಳಿ ಅಂತ ಕಣ್ಣಲ್ಲೇ ಬೇಡಿದೆ. ಇವರು ಬೂಟಿನ ಲೇಸು ಕಟ್ಟಿಕೊಳ್ಳತೊಡಗಿದರು. ಅತ್ತೆ ಆಗಲೇ ಚಪ್ಪಲಿ ಹುಡುಕುತ್ತಿದ್ದರು. ಇಷ್ಟು ಒಳ್ಳೆಯ ಕಾರು ಕೈಬಿಟ್ಟು ಹೋಗುತ್ತದಲ್ಲ ಅನ್ನಿಸಿ ನನಗೆ ತಡೆಯಲಾಗಲಿಲ್ಲ.

“ಅಣ್ಣಾ, ಸ್ವಲ್ಪ ಇಳೀತೀರಾ?” ಅಂದೆ.

ಅವರು ಗಾಬರಿಯಲ್ಲಿ ಇಳಿದೇಬಿಟ್ಟರು! ನಾನು ಕೂತೆ. ಸೀಟು ಮುಂದಕ್ಕೆಳೆದೆ, ಕನ್ನಡಿ ಸರಿಮಾಡಿದೆ, ನೀನು ಪಕ್ಕದಲ್ಲಿ ಕೂತು ‘ಆತುರ ಬೇಡ ಗುಬ್ಬಿ’ ಅಂದ ಹಾಗಾಯಿತು. ಹ್ಯಾಂಡ್ ಬ್ರೇಕು ಇಳಿಸಿ, ಕ್ಲಚ್ಚು ಹದವಾಗಿ ಬಿಟ್ಟು, ಎರಡೂ ಕಡೆ ಗೋಡೆಗೆ ತಾಗದ ಹಾಗೆ ಒಂದೇ ಸಲಕ್ಕೆ ರಸ್ತೆಗೆ ತಂದು ನಿಲ್ಲಿಸಿದೆ. ನರ್ಸಮ್ಮ ಚಪ್ಪಾಳೆ ತಟ್ಟಿದರು.

“ಅಯ್ಯೋ, ಕಾರು ಬರುತ್ತಾ ನಿನಗೆ? ಹೇಳ್ಲೇ ಇಲ್ಲ!” ಅಂದರು ಅತ್ತೆ.

ಇವರು ನಕ್ಕು, “ಏನೋ ಸ್ವಲ್ಪ ಕಲ್ತಿದ್ದಾಳೆ ಅಮ್ಮ. ಗೇಟಿಂದ ಆಚೆ ತರೋವಷ್ಟು” ಅಂದರು.

ಭಾವನ ಮುಖ ಒದ್ದೆ ಕಾರ್ಪೆಟ್ಟಿನ ಹಾಗಿತ್ತು. ಆದರೂ ಬಿಡಲಿಲ್ಲ: “ಗೇರ್ ಬಾಕ್ಸ್ ಬಿಸಿಯಾಗಬೇಕಿತ್ತು, ನಾನು ಬಿಸಿ ಮಾಡಿಟ್ಟಿದ್ದೆ, ಅದಕ್ಕೇ ಬಂತು.” ಎಲ್ಲರೂ ಹೌದು ಹೌದು ಅಂದರು! ಇಂಥ ಪೆದ್ದರ ಗುಂಪು ಒಂದೇ ಸೂರಿನ ಕೆಳಗೆ ಹೇಗೆ ಸೇರಿತು ಅಂತ ನನಗೆ ಇವತ್ತಿಗೂ ಆಶ್ಚರ್ಯ. ಆಮೇಲೆ ನಿಯಮದ ಪ್ರಕಾರ ಎಲ್ಲರೂ ಕೂತು ಒಂದು ಸುತ್ತು ಹೋಗಿ ಬಂದರು. ನಾನು ನರ್ಸಮ್ಮನ ಜೊತೆ ನಿಂಬೆ ಶರಬತ್ತು ಕುಡಿಯುತ್ತಾ ಉಳಿದೆ. ವಾಪಸು ಬಂದ ಮಾವ ಕಾರಿನಿಂದ ಇಳಿಯುತ್ತಲೇ ಸಾರಿದರು, “ಮನೆಯವರೆಲ್ಲ ಆರಾಮಾಗಿ ಹಿಡಿಸ್ತೀವಿ. ತಗೊಳ್ಳೋಣ.”

ಹೀಗೆ ಬಂತು ಕಾರು. ನನಗೂ ಮನೆಯಲ್ಲಿ ಒಂದು ಹುದ್ದೆ ಸಿಕ್ಕಿದೆ! ನಮ್ಮ ಗೇಟೂ ಕಿರಿದಲ್ಲವಾ, ದಿನಾ ಬೆಳಿಗ್ಗೆ ಕಾರನ್ನು ಆಚೆ ತಂದು ನಿಲ್ಲಿಸುವುದು ನಾನೇ. ಆಮೇಲೆ ಇಳಿದು ಕೀಲಿಯನ್ನು ಭಾವನ ಕೈಗೆ ಕೊಡುತ್ತೇನೆ. ಅವರು ಮೊದಲು ಟೈರಿಗೆ ಒದ್ದು, ಆಮೇಲೆ ಹತ್ತುತ್ತಾರೆ.

ಅತ್ತೆ ಕರೆಯುತ್ತಿದ್ದಾರೆ, ಮುಗಿಸುತ್ತೇನೆ. ಭಾವಯ್ಯನಿಗೆ ನಮಸ್ಕಾರ ತಿಳಿಸು. ನಮ್ಮ ಮನೆಯ ಭಾವಯ್ಯ, ಈ ಮನೆಯ ಭಾವ ಅಲ್ಲ! ಪಾಪುವಿನ ಕೆನ್ನೆಗೆ ನನ್ನ ಪರವಾಗಿ ಕಚ್ಚು. ಅದು ನೂರು ವರ್ಷ ಬಾಳಲಿ, ಎಂದೂ ಯಾರ ಕಾರಿಗೂ ಕಾಯದಿರಲಿ. ನಿನ್ನ ಕಾಲು ಮುಟ್ಟಿದ್ದೇನೆ ಅಂದುಕೋ, ಆಶೀರ್ವಾದ ಮಾಡು.

ಇಂತಿ,
ನಿನ್ನ ಗುಬ್ಬಿ

ತಾ. ಕ.: ಕವರು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಿನಗೆ ಸುಳ್ಳು ಬರೆದು ಅಭ್ಯಾಸವಿಲ್ಲ.

ನರ್ಸಮ್ಮನ ಮನೆಯ ಮುಂದೆ ನಾನು ಇಳಿದ ಮೇಲೆ ಭಾವ ಮುಂದೆ ಕೂತರು, ಪಕ್ಕದಲ್ಲಿ ಮಾವ. ಹಿಂದೆ ಅತ್ತೆ, ಅತ್ತಿಗೆ. ಅವರು ಯಾರೂ ನನ್ನನ್ನು ಬಿಟ್ಟು ಕೂರಬೇಕು ಅಂತ ಕೂತವರಲ್ಲ. ಅವರಿಗೆ ಎಣಿಸಲು ಬರುವುದಿಲ್ಲ, ಐದಕ್ಕೆ ನಿಂತುಬಿಟ್ಟಿದ್ದಾರೆ, ಅಷ್ಟೇ. ಅವರ ಮೇಲೆ ನನಗೆ ನಗು ಬರುತ್ತದೆ, ಸಿಟ್ಟು ಬರುವುದಿಲ್ಲ. ಕೊನೆಗೆ ಉಳಿದದ್ದು ಕಿಟಕಿಯ ಪಕ್ಕದ ಒಂದು ಸೀಟು, ಕೆಳಗೆ ಉಳಿದವರು ನಾವಿಬ್ಬರು. ಇವರು ಆ ಸೀಟನ್ನು ನೋಡಿದರು, ನನ್ನನ್ನು ನೋಡಿದರು. ಎಣಿಸಿದರು ಅಕ್ಕಾ. ಇವರು ಎಣಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಎಣಿಸಿ, ಹತ್ತಿ ಕೂತು, ಬಾಗಿಲು ಹಾಕಿಕೊಂಡರು. ಆಮೇಲೆ ಗಾಜು ಇಳಿಸಿ, “ಅಮ್ಮನ ಬ್ಯಾಗು ಸ್ವಲ್ಪ ಹಿಡ್ಕೊಂಡಿರ್ತೀಯಾ?” ಅಂದರು. ಹಿಡಿದುಕೊಂಡೆ.

ನರ್ಸಮ್ಮ ನನ್ನ ಪಕ್ಕಕ್ಕೆ ಬಂದು, “ಓಡ್ಸೋಕೆ ಬರೋಳು ಕೆಳಗೆ, ಬಾರದೋರು ಮೇಲೆ” ಅಂದರು. ನಾನು ನಕ್ಕೆ. ಶರಬತ್ತಿನ ಲೋಟ ಅಲ್ಲೇ ಗೋಡೆಯ ಮೇಲಿಟ್ಟೆ.

ಕಾರು ಬಂದ ದಿನದಿಂದ ನಾನು ಅದರೊಳಗೆ ಕೂತಿರುವುದು ನಮ್ಮ ಗೇಟಿನಿಂದ ರಸ್ತೆಯವರೆಗೆ ಮಾತ್ರ. ಮೊನ್ನೆ ಕೋಣೆಯಲ್ಲಿ ಕೇಳಿದೆ, “ನಾನು ಅಕ್ಕನ ಮನೆಗೆ ಯಾವಾಗ ಓಡಿಸ್ಕೊಂಡು ಹೋಗೋದು?” ಇವರು ಅತ್ತ ತಿರುಗಿ ಮಲಗಿ, “ಭಾವನ್ನ ಕೇಳಿ ಹೇಳ್ತೀನಿ” ಅಂದರು. ಕೋಣೆಯೊಳಗೂ ನನಗೆ ‘ಕತ್ತೆ’ ಅನ್ನಲು ಬಾಯಿ ಬರುತ್ತಿಲ್ಲ ಈಗ. ‘ರೀ’ ಅಂತಲೇ ಬರುತ್ತದೆ.

ನಾಳೆ ಬೆಳಿಗ್ಗೆಯೂ ಕಾರು ಆಚೆ ತೆಗೆಯುವುದು ನಾನೇ. ರಸ್ತೆಗೆ ತಂದ ಮೇಲೆ ಇಳಿಯುವುದೊಂದು ಬಾಕಿ ಇರುತ್ತದೆ. ನಿನ್ನ ಊರಿನ ದಾರಿ ಎಡಕ್ಕೆ ತಿರುಗಿದರೆ ನೇರ. ಈ ಪತ್ರ ನಿನಗೆ ಮೊದಲು ತಲುಪುತ್ತದೋ, ಹಾರ್ನು ಮೊದಲು ಕೇಳಿಸುತ್ತದೋ ಗೊತ್ತಿಲ್ಲ. ಪಾಪೂನ ಎತ್ತಿಕೊಂಡೇ ಇರು.