ತಂತಿಗೆ ಚುಚ್ಚಿದ ಪದ್ಯ

ಗುಬ್ಬಿ, 6 ಜೂನ್ 1979, ಬುಧವಾರ. ಬೆಳಿಗ್ಗೆ 11

ಇವತ್ತು ಪ್ರೆಸ್ಸಿಗೆ ಮೂರು ಸಾವು, ಒಂದು ಮದುವೆ. ಮೂರು ಸಾವಿನ ಕಾರ್ಡಿಗೂ ಅದೇ ಪದ್ಯ, ನಂಬರ್ ಮೂರು. ಹೆಸರು ಮಾತ್ರ ಬೇರೆ. ಪ್ರೂಫ್ ತಿದ್ದಿ ತಿದ್ದಿ ಕಣ್ಣು ಉರಿ. ಸೆಖೆ. ಕರೆಂಟ್ ಇಲ್ಲ.

ಮದುವೆಯಾಗಿ ಇಪ್ಪತ್ತೈದು ದಿನ. ಟ್ರೆಡಲ್ ಮೆಷಿನ್ ತುಳಿಯುವಾಗ ರೇಣು ಎಷ್ಟು ಹ್ಯಾಂಡ್‌ಸಮ್ ಆಗಿ ಕಾಣುತ್ತಾರೆ! ಮೂಗಿನ ತುದಿಗೆ ಮಸಿ. ಒರೆಸೋಣವೆಂದರೆ ಅತ್ತೆ ಬಾಗಿಲಲ್ಲೇ. "ನಿನ್ನ ಕಾನ್ವೆಂಟ್ ಕನ್ನಡ ರಿಪೇರಿ ಆಗಬೇಕಾದ್ರೆ ದಿನಾ ಒಂದು ಪೇಜ್ ಬರಿ ಅಂಬಿ," ರೇಣು ಅಂದಿದ್ದಾರೆ. ಅದಕ್ಕೇ ಈ ಡೈರಿ. ಹೊಸ ಸೊಸೆ ಸಾವಿನ ಕಾರ್ಡು ಮುಟ್ಟಬಹುದೇ ಎಂದು ತವರಿನಲ್ಲಿ ಗುಸುಗುಸು. ಅತ್ತೆ ಒಂದೇ ಮಾತು: "ಈ ಮನೆ ಅನ್ನ ಬೇಯೋದೇ ಅದ್ರಲ್ಲಿ. ಮುಟ್ಲಿ."

ಪದ್ಯಗಳು ಒಟ್ಟು ಆರು. ಮಾವ ಇದ್ದಾಗ ಯಾರೋ ಮೇಷ್ಟರ ಕೈಲಿ ಬರೆಸಿದ್ದು. ಅಚ್ಚುಮೊಳೆ ಜೋಡಿಸಿ, ದಾರ ಕಟ್ಟಿ ಡ್ರಾಯರಿನಲ್ಲಿ ಇಟ್ಟಿದ್ದಾರೆ. ಒಂದು ತಂದೆಗೆ, ಎರಡು ತಾಯಿಗೆ, ಮೂರು ಯಾರಿಗಾದರೂ... ಗಿರಾಕಿ ಬಂದಾಗ ಪಾಷಾ ಸಾಬರು ಹಳೆಯ ಹೆಸರು ಕಿತ್ತು ಹೊಸ ಹೆಸರು ಕೂರಿಸುತ್ತಾರೆ. ಮುನಾವರ್ ಪಾಷಾ, ಮಾವನ ಕಾಲದಿಂದ ಮೊಳೆ ಜೋಡಿಸುವ ಕಂಪೋಸಿಟರ್. ಅವರ ಪಕ್ಕ ಹಲಗೆಯ ಮೇಲೆ ನಿಲ್ಲಿಸಿದ ಒಂದು ಚೂಪು ತಂತಿ. ಬರೆದು ಕೊಟ್ಟ ಕಾಪಿಯನ್ನೆಲ್ಲ ಅದಕ್ಕೆ ಚುಚ್ಚಬೇಕು. ಅವರು ಒಂದೊಂದೇ ತೆಗೆದು ಜೋಡಿಸುತ್ತಾರೆ. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ.

"ಬಾಳ ದೀಪ ನಂದಿತು, ಮನೆಯ ಬೆಳಕು ಕುಂದಿತು" — ಛೇ, ದುಃಖ ಅಂದರೆ ಇಷ್ಟೇನಾ? ಸ್ಕೂಲಿನ ಇಂಗ್ಲಿಷ್ ಪದ್ಯಗಳಲ್ಲಿ ದುಃಖ ಎಷ್ಟು ಬ್ಯೂಟಿಫುಲ್! ಎದೆ ಹಿಮಗಟ್ಟುತ್ತದೆ. ಕಣ್ಣೀರು ಕಲ್ಲಾಗುತ್ತದೆ. ಸಿಸ್ಟರ್ ಓದುತ್ತಿದ್ದರೆ ಇಡೀ ಕ್ಲಾಸ್ ಅಳುತ್ತಿತ್ತು, ಏನು ಖುಷಿ ಆ ಅಳುವಿನಲ್ಲಿ.

"ಪಾಷಾ ಸಾಬ್ರೇ, ದಿನಾ ಇದನ್ನೇ ಓದಿ ಬೇಜಾರಾಗಲ್ವಾ?"

"ನಾನೆಲ್ಲಿ ಓದ್ತೀನಿ ಚಿಕ್ಕಮ್ಮಾವ್ರೇ? ಓದಿದ್ರೆ ಕೈ ನಿಂತೋಗ್ತದೆ. ಅಕ್ಷರ ನೋಡ್ತೀನಿ, ಎತ್ತಿಡ್ತೀನಿ. ಅಷ್ಟೇಯ."

12 ಜೂನ್, ಮಂಗಳವಾರ

ಪಾಷಾ ಸಾಬರ ಮಗಳು ಅಖ್ತರ್ ಬಂದಿದ್ದಳು. ಕುಣಿಗಲ್ಲಿಗೆ ಮದುವೆ ಮಾಡಿಕೊಟ್ಟು ಒಂದು ವರ್ಷ. ಹತ್ತು ದಿನಕ್ಕೆ ತವರಿಗೆ ಬಂದವಳು ಅಪ್ಪನಿಗೆ ಊಟದ ಕ್ಯಾರಿಯರ್ ತಂದಿದ್ದಳು. ನನಗಿಂತ ಎರಡು ವರ್ಷ ಚಿಕ್ಕವಳು. ಎಷ್ಟು ನಗುತ್ತಾಳೆ! ನಾನು ನಂಬರ್ ಮೂರನ್ನು ನಾಟಕದವರ ಹಾಗೆ ಎದೆ ಹಿಡಿದುಕೊಂಡು ಓದಿದೆ. ಅವಳು ನಕ್ಕು ನಕ್ಕು ಪೇಪರ್ ಬಂಡಲಿನ ಮೇಲೆ ಕೂತೇಬಿಟ್ಟಳು.

"ಅಕ್ಕಾ, ಸತ್ತೋರು ಇದನ್ನ ಕೇಳಿಸ್ಕೊಂಡ್ರೆ ಎದ್ದು ಬಂದ್ಬಿಡ್ತಾರೆ. ನಿಲ್ಸಿ ಸಾಕು ಅಂತ."

"ನಾನು ಬರೀತೀನಿ ಬಿಡೇ ಇದಕ್ಕಿಂತ ಚೆನ್ನಾಗಿ."

"ಬರೀರಿ. ಅಬ್ಬಾ ಜೋಡಿಸ್ತಾರೆ. ಆದ್ರೆ ಓದಲ್ಲ ನೋಡಿ, ನನ್ನ ಮದುವೆ ಕಾರ್ಡೇ ಓದ್ದೆ ಜೋಡಿಸಿದಾರೆ!"

ಪಾಷಾ ಸಾಬರು ತಿರುಗಲಿಲ್ಲ. ಬೆನ್ನು ಮಾತ್ರ ಅಲುಗಿತು. ನಗುತ್ತಿದ್ದರು.

23 ಜೂನ್, ಶನಿವಾರ

ನಾಡಿದ್ದಿನಿಂದ ಆಷಾಢ. ಹೊಸ ಮದುಮಗಳು ಅತ್ತೆಮನೆಯಲ್ಲಿ ಇರುವಂತಿಲ್ಲ. ನಾಳೆ ಅಣ್ಣ ಬಂದು ತುಮಕೂರಿಗೆ ಕರೆದುಕೊಂಡು ಹೋಗುತ್ತಾನೆ. ಒಂದು ತಿಂಗಳು! ಯಾರು ಮಾಡಿದರೋ ಈ ಶಾಸ್ತ್ರ. ರೇಣು ಟ್ರಂಕು ಕಟ್ಟಿದರು. ದಾರದ ಗಂಟು ಪ್ರೆಸ್ಸಿನವರ ಗಂಟು, ಬಿಚ್ಚಲು ಬರುವುದಿಲ್ಲ.

ತುಮಕೂರು, 3 ಜುಲೈ, ಮಂಗಳವಾರ

ರೇಣು ಕಾಗದ. ಏನೇನೋ ಬರೆದಿರುತ್ತಾರೆಂದು ಅಟ್ಟ ಹತ್ತಿ ಒಡೆದೆ. ನಾಲ್ಕೇ ಸಾಲು.

ಅಖ್ತರ್ ಹೋದಳು. ಶನಿವಾರ. ಕಾಮಾಲೆ. ಎಂಟೇ ದಿನ. ಪಾಷಾ ಸಾಬರ ಜೊತೆ ಕುಣಿಗಲ್ಲಿಗೆ ಹೋಗಿ ಮಣ್ಣು ಮುಗಿಸಿ ಬಂದರಂತೆ.

ಪೇಪರ್ ಬಂಡಲಿನ ಮೇಲೆ ಕೂತು ನಕ್ಕ ಹುಡುಗಿ.

19 ಜುಲೈ, ಗುರುವಾರ. ಮಧ್ಯಾಹ್ನ 3

ಬರೆದೆ! ಮೂರು ದಿನ ಅಟ್ಟದ ಮೇಲೆ. ಇಪ್ಪತ್ತನಾಲ್ಕು ಸಾಲು, ಅವಳ ಹೆಸರು ನಾಲ್ಕು ಸಲ ಬರುತ್ತದೆ. ಬರೆಯುತ್ತಾ ಎಷ್ಟು ಅತ್ತೆ... ಅಮ್ಮ ಬೆನ್ನು ಸವರಿ, "ಇನ್ನೇನು ಆಷಾಢ ಮುಗೀತು ಬಿಡು," ಅಂದಳು. ಅದಕ್ಕಲ್ಲಮ್ಮ ಅನ್ನಲು ಹೋದೆ. ಅನ್ನಲಿಲ್ಲ. ಅರ್ಧ ಅದಕ್ಕೂ ಹೌದೇನೋ. ಪದ್ಯದಲ್ಲಿ ಎರಡೂ ಬೆರೆತಿವೆ, ಯಾರಿಗೂ ಗೊತ್ತಾಗುವುದಿಲ್ಲ.

"ಅಖ್ತರ್, ನೀನಿಲ್ಲದ ಅಂಗಳದಲ್ಲಿ
ಅಪ್ಪನ ಕಣ್ಣೊಂದು ಬತ್ತದ ತೊರೆ
ಅಪ್ಪನ ಎದೆಯೊಂದು ಹಿಮದ ಸರೋವರ..."

ನಲವತ್ತನೇ ದಿನಕ್ಕೆ ಪಾಷಾ ಸಾಬರಿಗೆ ಕೊಡುತ್ತೇನೆ. ಪಾಪ, ಅವರ ದುಃಖಕ್ಕೆ ಮಾತು ಬೇಡವೇ?

ಗುಬ್ಬಿ, 27 ಜುಲೈ, ಶುಕ್ರವಾರ

ವಾಪಸ್! ರೇಣು ಬಸ್‌ಸ್ಟ್ಯಾಂಡಿಗೆ ಇಸ್ತ್ರಿ ಷರ್ಟು ಹಾಕಿಕೊಂಡು ಬಂದಿದ್ದರು. ಉಳಿದದ್ದು ಬರೆಯುವುದಿಲ್ಲ, ನಾಚಿಕೆ.

ಪ್ರೆಸ್ಸಿಗೆ ಹೋದೆ. ಅಳುತ್ತೇನೆಂದು ಕರ್ಚೀಫು ಹಿಡಿದುಕೊಂಡೇ ಹೋದೆ. ಪಾಷಾ ಸಾಬರು ಮದುವೆ ಕಾರ್ಡು ಜೋಡಿಸುತ್ತಿದ್ದರು. ಎಡಗೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್, ಬಲಗೈ ಕೋಳಿ ಕಾಳು ಹೆಕ್ಕಿದ ಹಾಗೆ. "ಬಂದ್ರಾ ಚಿಕ್ಕಮ್ಮಾವ್ರೇ? ಅಪ್ಪಾಜಿ ಆರಾಮಾ?" ಅಷ್ಟೇ. ತೊರೆಯೂ ಇಲ್ಲ, ಸರೋವರವೂ ಇಲ್ಲ. ಒಂದೇ ದಿನ ರಜೆ ಹಾಕಿದರಂತೆ. ತಿಂಗಳಿನಿಂದ ಪ್ರೂಫಿನಲ್ಲಿ ಒಂದು ತಪ್ಪಿಲ್ಲ ಎಂದು ರೇಣು ಹೇಳುತ್ತಾರೆ. ರಂಜಾನ್ ಬೇರೆ ಶುರು, ಉಗುಳೂ ನುಂಗದೆ ಕೆಲಸ.

ಸಂಜೆ ಅತ್ತೆಯನ್ನು ಕೇಳಿದೆ: "ಅತ್ತೆ, ಮಾವ ಹೋದಾಗ ಕಾರ್ಡಿಗೆ ಯಾವ ಪದ್ಯ ಹಾಕಿದ್ರು?"

"ನಂಬರ್ ಒಂದು ಅಂತೆ. ಓದ್ಲಿಲ್ಲ."

"ಅತ್ತಿರಾ ತುಂಬಾ?"

ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ನಿಲ್ಲಿಸಲಿಲ್ಲ. "ಸಮಾರಾಧನೆ ದಿನ ಅಡುಗೆಯೋರಿಗೆ ಬೇಳೆ ಅಳ್ದು ಕೊಟ್ಟೆ. ಹದಿನಾರು ಸೇರು. ಅದು ಇವತ್ತಿಗೂ ನೆನಪೈತೆ. ಅತ್ತೆನೋ ಇಲ್ವೋ, ಅದು ನೆನಪಿಲ್ಲ ಕಣೇ."

ಹೀಗೂ ಇರುತ್ತಾರೆಯೇ ಜನ? ಇವರಿಗೆಲ್ಲ ಒಂದು ಒಳ್ಳೆಯ ಪದ್ಯ ಬೇಕು.

2 ಆಗಸ್ಟ್, ಗುರುವಾರ. ಸಂಜೆ 5

ನಲವತ್ತನೇ ದಿನದವರೆಗೆ ಕಾಯಲಾರೆ. ಪದ್ಯ ಹೇಗೆ ಕೊಡುವುದು? ಕೈಗೆ ಕೊಡಲು ಧೈರ್ಯ ಬರಲಿಲ್ಲ. ಕೊನೆಗೆ ಐಡಿಯಾ ಹೊಳೆಯಿತು. ಪಾಷಾ ಸಾಬರು ಮನೆಗೆ ಹೋದ ಮೇಲೆ ನೀಟಾಗಿ ಕಾಪಿ ಮಾಡಿ ತಂತಿಗೆ ಚುಚ್ಚಿ ಬಂದೆ. ಎಲ್ಲಕ್ಕಿಂತ ಮೇಲೆ. ಬೆಳಿಗ್ಗೆ ನೋಡುತ್ತಾರೆ. ಕೂತುಬಿಡುತ್ತಾರೆ. ಅಂತೂ ಅಳುತ್ತಾರೆ, ಹಗುರಾಗುತ್ತಾರೆ. ನನಗೇ ಅಳು ಬರುತ್ತಿದೆ!

3 ಆಗಸ್ಟ್, ಶುಕ್ರವಾರ. ಮಧ್ಯಾಹ್ನ 3

ಜೋಡಿಸಿಬಿಟ್ಟರು.

ಹನ್ನೊಂದಕ್ಕೆ ಹೋದಾಗ ಗ್ಯಾಲಿ ತಟ್ಟೆಯಲ್ಲಿ ನನ್ನ ಇಪ್ಪತ್ತನಾಲ್ಕು ಸಾಲು, ದಾರ ಕಟ್ಟಿ. ಪ್ರೂಫ್ ತೆಗೆದು ನನ್ನ ಮೇಜಿನ ಮೇಲೆ. ಎಲ್ಲ ಕೆಲಸದ ಹಾಗೆಯೇ. ನನಗೆ ಹೊಳೆದೇ ಇರಲಿಲ್ಲ. ತಂತಿಯ ಮೇಲೆ ಇದ್ದದ್ದು ಅವರಿಗೆ ಕೆಲಸ. ಈ ಪ್ರೆಸ್ಸಿನಲ್ಲಿ ಜೋಡಿಸುವವರು ಅವರೊಬ್ಬರೇ. ಮಗಳು ಸತ್ತ ಪದ್ಯವನ್ನು ಅಪ್ಪನ ಕೈಲಿ, ಒಂದೊಂದೇ ಅಕ್ಷರ, ತಲೆಕೆಳಗಾಗಿ...

ಪ್ರೂಫಿನಲ್ಲಿ ತಪ್ಪಿಲ್ಲ. ನನ್ನ ಕಾಗುಣಿತದ ತಪ್ಪುಗಳನ್ನೂ ತಿದ್ದಿದ್ದಾರೆ. ನಾಲ್ಕು ಕಡೆ ಮಾತ್ರ ಖಾಲಿ. ಅಖ್ತರ್ ಇರಬೇಕಾದ ಕಡೆ. ಗ್ಯಾಲಿಯಲ್ಲಿ ಬಗ್ಗಿ ನೋಡಿದೆ. ಪದಗಳ ನಡುವೆ ಜಾಗ ಬಿಡಲು ಹಾಕುವ ಗಿಡ್ಡ ಸೀಸದ ತುಂಡುಗಳು. ಸಾಲಿನೊಳಗೆ ಇರುತ್ತವೆ. ಮಸಿ ತಾಗುವುದಿಲ್ಲ, ಅಚ್ಚಾಗುವುದಿಲ್ಲ. ಅವಳ ಹೆಸರಿನಷ್ಟೇ ಅಗಲ, ಅಳತೆ ಸರಿಯಾಗಿ.

ನಮಾಜಿಗೆ ಹೋದವರು ಇನ್ನೂ ಬಂದಿಲ್ಲ.

6 ಆಗಸ್ಟ್, ಸೋಮವಾರ

ಪಾಷಾ ಸಾಬರು ಶನಿವಾರ ಬರಲಿಲ್ಲ. ಇವತ್ತೂ ಇಲ್ಲ. ಶ್ರಾವಣದ ಮದುವೆಗಳು, ತಂತಿ ತುಂಬಿದೆ. ರೇಣುಗೆ ಹೇಳಿದೆ. ಬಯ್ಯುತ್ತಾರೆಂದುಕೊಂಡೆ. ಬಯ್ಯಲಿಲ್ಲ, ಅದೇ ಕಷ್ಟ.

"ಅವ್ರು ಯಾವ್ದಕ್ಕೂ ಆಗಲ್ಲ ಅನ್ನೋರಲ್ಲ ಅಂಬಿ. ಚುಚ್ಚೋಕೆ ಮುಂಚೆ ನನ್ನ ಒಂದ್ಮಾತು ಕೇಳಬಾರದಿತ್ತಾ?"

ಸ್ವಲ್ಪ ಹೊತ್ತಿನ ಮೇಲೆ ಪ್ರೂಫ್ ಹಿಡಿದು, "ಪದ್ಯ ಮಾತ್ರ ಚೆನ್ನಾಗಿದೆ ಕಣೇ. ಹೆಸರಿನ ಜಾಗಾನೂ ಖಾಲಿ ಇದೆ. ನಂಬರ್ ಏಳು ಮಾಡಿ ಇಟ್ಕೊಳ್ಳೋಣ," ಅಂದರು.

ನನಗೆ ಖುಷಿಯಾಯಿತು. ಬರೆದಿಡುತ್ತೇನೆ, ಸುಳ್ಳು ಹೇಳುವುದಿಲ್ಲ. ಆಯಿತು.

7 ಆಗಸ್ಟ್, ಮಂಗಳವಾರ. ಬೆಳಿಗ್ಗೆ

ನಿಟ್ಟೂರಿನಿಂದ ನರಸಯ್ಯ ಎಂಬುವರು. ಹೆಂಡತಿ ಸಿದ್ದಲಕ್ಷ್ಮಮ್ಮ ತೀರಿಕೊಂಡು ಮೂರು ದಿನ. ರೇಣು ನಂಬರ್ ಏಳನ್ನು ಓದಿ ಹೇಳಿದರು, ಖಾಲಿ ಬಂದ ಕಡೆಯೆಲ್ಲ ಸಿದ್ದಲಕ್ಷ್ಮಿ ಸೇರಿಸಿಕೊಂಡು, ಅಪ್ಪ ಇದ್ದ ಕಡೆ ಪತಿ ಮಾಡಿಕೊಂಡು. ನಾನು ಬಾಗಿಲ ಹಿಂದೆ.

"ಹೆಂಗೈತೆ ನರಸಯ್ಯ?"

"ಚೆನ್ನಾಗೈತೆ ಸ್ವಾಮಿ. ಏನಂದ್ರಿ ಅಂತ ಕಿವಿಗೆ ಬೀಳ್ಲಿಲ್ಲ. ಯಾವ್ದಾರ ಹಾಕಿ." ಟೋಪಿ ತೆಗೆದು ನೋಡಿ ಮತ್ತೆ ಹಾಕಿಕೊಂಡರು. "ಬೆಳಗ್ಗೆಯಿಂದ ಎಮ್ಮೆ ಕರೆಯಕ್ಕೆ ಬುಡ್ತಿಲ್ಲ ಸ್ವಾಮಿ. ಅವಳ ಕೈ ಬೇಕು ಅದ್ಕೆ."

ಪದ್ಯ ಹಾಕುವುದೆಂದಾಯಿತು. ಇನ್ನೂರು ಕಾರ್ಡು. ನನ್ನ ಪದ್ಯ. ಪ್ರಿಂಟ್! ಕಾನ್ವೆಂಟಿನಲ್ಲಿ ಯಾರದ್ದೂ ಆಗಿಲ್ಲ.

ಆದರೂ ಎಮ್ಮೆಯ ಮಾತು ಕಿವಿಯಲ್ಲೇ ಇದೆ. ನನ್ನ ಇಪ್ಪತ್ತನಾಲ್ಕು ಸಾಲಿನಲ್ಲಿ ಅಂಥದ್ದು ಒಂದೂ ಇಲ್ಲ.

8 ಆಗಸ್ಟ್, ಬುಧವಾರ. ಸಂಜೆ 6

ಇವತ್ತು ಅಖ್ತರ್‌ಳ ನಲವತ್ತನೇ ದಿನ. ಅತ್ತೆ ಬಾಳೆಹಣ್ಣು, ಖರ್ಜೂರ ಕಟ್ಟಿಕೊಂಡು, "ನಡಿ, ತಪ್ಪು ಮಾಡ್ದೋಳು ನೀನು. ಮುಖ ತೋರ್ಸು," ಅಂದರು.

ಪಾಷಾ ಸಾಬರು ತಮ್ಮ ಮನೆಯ ಹೊರಗೆ ಮಣೆಯ ಮೇಲೆ. ಒಳಗೆ ಫಾತಿಹಾ ಓದುವ ಸದ್ದು. ಅವರ ಹೆಂಡತಿ ಕುಲ್ಸುಂ ಬೀ ನನ್ನನ್ನು ನೋಡಿ ಚಾಪೆ ಹಾಸಿದರು. ಪಾಷಾ ಸಾಬರೇ ಮಾತನಾಡಿದರು. ಸಿಟ್ಟಿಲ್ಲದೆ. ಸುಸ್ತಾದವರ ಹಾಗೆ.

"ನೀವು ಒಳ್ಳೇದಕ್ಕೇ ಬರ್ದಿದೀರ ಚಿಕ್ಕಮ್ಮಾವ್ರೇ. ಮಗು ಹೋದಾಗಿಂದ ಕೈ ನಡೀತಿತ್ತು. ಅಕ್ಷರ ಎತ್ತೋದು, ಇಡೋದು. ಮನೇಗ್ ಬಂದ್ರೆ ಇವ್ಳು ಅಳ್ತಾಳೆ, ಪ್ರೆಸ್ಸಲ್ಲಿ ಏನೂ ಇರ್ಲಿಲ್ಲ. ಹಾಯಾಗಿತ್ತು. ಆವತ್ತು ಜೋಡಿಸ್ತಾ ಜೋಡಿಸ್ತಾ..." ಬೆರಳುಗಳನ್ನು ನೋಡಿಕೊಂಡರು. "ಓದ್ಬಿಟ್ಟೆ."

ಅತ್ತೆ ಖರ್ಜೂರದ ಪೊಟ್ಟಣ ಅವರ ಪಕ್ಕ ಇಟ್ಟರು.

"ಒಂದು ಕೇಳ್ತೀನಿ. ಆ ಜೋಡ್ಸಿದ ಮ್ಯಾಟರ್ ಕಟ್ಟಿ ಇಡ್ಬೇಡಿ. ಬಿಚ್ಚಿ ಮೊಳೆನೆಲ್ಲ ಕೇಸಿನ ಗೂಡಿಗೆ ಹಾಕ್ಬಿಡಿ. ಡ್ರಾಯರ್ ತೆಗ್ದಾಗೆಲ್ಲ ನಾನೇ ಅಲ್ವಾ ಹೆಸರು ಕೂರ್ಸೋನು?"

ಅವರ ಕಣ್ಣು ಒಣಗಿತ್ತು. ತೊರೆ ಎಂದು ಬರೆದಿದ್ದೆ ನಾನು, ತುಮಕೂರಿನ ಅಟ್ಟದಲ್ಲಿ ಕೂತು.

9 ಆಗಸ್ಟ್, ಗುರುವಾರ

ರೇಣು ಜೊತೆ ಮೊದಲ ಜಗಳ. "ನರಸಯ್ಯಂಗೆ ಮಾತು ಕೊಟ್ಟಾಗಿದೆ." ನಂಬರ್ ಮೂರು ಹಾಕಿ ಅಂದೆ. "ನಿನ್ನ ಪದ್ಯ ಕಣೇ!" ಅಂದರು. ಗೊತ್ತು. ನನ್ನ ಪದ್ಯ.

ದಾರ ಬಿಚ್ಚಿದೆ. ಪ್ರೆಸ್ಸಿನವರ ಗಂಟು, ಅರ್ಧ ಗಂಟೆ. ಸೀಮೆಎಣ್ಣೆಯಲ್ಲಿ ಒರೆಸಿ ಒಂದೊಂದೇ ಮೊಳೆ ಬೆಳಕಿಗೆ ಹಿಡಿದು, ಯಾವ ಅಕ್ಷರವೆಂದು ನೋಡಿ, ಅದರ ಮನೆ ಹುಡುಕಿ ಹಾಕಬೇಕು. ಸಂಜೆಯವರೆಗೆ ಐದು ಸಾಲು. ಕತ್ತು ಹಿಡಿದಿದೆ. ಕಣ್ಣೀರಿನ 'ಕ', ಕರೆಂಟ್ ಬಿಲ್ಲಿನ 'ಕ', ಎಲ್ಲ ಒಂದೇ ಗೂಡಿಗೆ. ಮೂರನೇ ಸಾಲಿನ ಹೊತ್ತಿಗೆ ಓದುವುದು ನಿಂತಿತು. ಕೈ ಮಾತ್ರ ನಡೆಯಿತು. ಹಾಯಾಗಿತ್ತು. ಹಾಗೆಂದರೆ ಏನೆಂದು ಈಗ... ಬೇಡ. ಅದನ್ನೂ ಪದ್ಯ ಮಾಡಿಬಿಡುತ್ತೇನೆ.

13 ಆಗಸ್ಟ್, ಸೋಮವಾರ. ಬೆಳಿಗ್ಗೆ 10.20

ಬಿಚ್ಚುವ ಕೆಲಸ ಶನಿವಾರ ಮುಗಿಯಿತು. ಖಾಲಿ ತುಂಡುಗಳ ನಾಲ್ಕು ಗುಂಪುಗಳು ಕೊನೆಗೆ ಉಳಿದವು. ಅವುಗಳ ಗೂಡು ಯಾವುದೆಂದು ಗೊತ್ತಿರಲಿಲ್ಲ. ಪಾಷಾ ಸಾಬರ ಸ್ಟೂಲಿನ ಮೇಲೆ, ಕಾಗದದಲ್ಲಿ ಸುತ್ತಿ ಇಟ್ಟೆ.

ಇವತ್ತು ಬಂದಿದ್ದಾರೆ. ಕಾಗದ ಬಿಚ್ಚಿ ನೋಡಿದರು. ಮೂಲೆಯ ಗೂಡಿಗೆ ಸುರಿದರು.

ತಂತಿಯ ಮೇಲಿಂದ ನರಸಯ್ಯನ ಕಾಪಿ ತೆಗೆದರು. ಎಡಗೈಗೆ ಸ್ಟಿಕ್ ಬಂತು. ರೇಣು ಟ್ರೆಡಲ್ ಹತ್ತಿರ ಸುಮ್ಮನೆ ನಿಂತಿದ್ದಾರೆ, ನಾನು ಇಲ್ಲಿ ಬರೆಯುವ ನೆಪದಲ್ಲಿ. ಮೊದಲಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಸಾಲು ಆಗುತ್ತಿತ್ತು. ಅವರ ತುಟಿ ಅಲುಗುತ್ತಿದೆ. ಓದುತ್ತಿದ್ದಾರೆ. ಸಿದ್ದಲಕ್ಷ್ಮಮ್ಮ. ವಯಸ್ಸು ಐವತ್ತೆರಡು. ನಿಟ್ಟೂರು. ಬಲಗೈ ಕೇಸಿನ ಮೇಲೆ ಹೋಗಿ ನಿಂತಿದೆ. ಇನ್ನೂ ಎತ್ತಿಲ್ಲ, ಇನ್ನೂ...